ಶಾಲೆಯ ಅಂಗಳದಲ್ಲಿ ವೀರಗಲ್ಲು: ಗಿಡ ಎಲ್ಲಿ ನೆಡೋಣ, ನೆಲವನ್ನು ಎಷ್ಟು ಮುಟ್ಟೋಣ?

ಹಳೆಯ ವಿದ್ಯಾರ್ಥಿ, ಭಾನುವಾರ ರಾತ್ರಿ

ನಮಸ್ಕಾರ. ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳವನ್ನು ಚೆಂದ ಮಾಡಬೇಕೆಂದು ನಮ್ಮ ತರಗತಿಯವರೆಲ್ಲ ಸೇರಿ ಹಣ ಕೂಡಿಸಿದ್ದೇವೆ. ಜಾಗ ಒಂದು ಎಕರೆ ಆರು ಗುಂಟೆ. ಪಡುವಣ ಬದಿಯಲ್ಲಿ ಕೊಠಡಿಗಳು, ಅಡುಗೆಮನೆ, ಕೊಳವೆಬಾವಿ. ಮೂಡಣ ಬದಿಯಲ್ಲಿ ಬಿದ್ದುಹೋದ ಗುಡಿಯೊಂದರ ಕಲ್ಲಿನ ಅಡಿಪಾಯ, ಅದರ ಮುಂದೆ ಎರಡು ವೀರಗಲ್ಲು, ಅರ್ಧ ಹೂತುಹೋದ ಒಂದು ಶಾಸನ. ಇನ್ನೂ ಆಚೆಗೆ ಒಂದು ತಗ್ಗು. ಅಲ್ಲಿ ಕಲ್ಯಾಣಿ ಇತ್ತು, ಬಹಳ ಹಿಂದೆಯೇ ಮುಚ್ಚಿದರು ಎಂದು ಹಿರಿಯರು ಹೇಳುತ್ತಾರೆ.

ಸಹಪಾಠಿಯೊಬ್ಬರ ಪರಿಚಯದವರು ಬೆಂಗಳೂರಿನಿಂದ ನಕ್ಷೆ ಬರೆದು ಕಳುಹಿಸಿದರು. ನಡುವೆ ಹುಲ್ಲುಹಾಸು, ಸುತ್ತ ಇಂಟರ್‌ಲಾಕ್ ಇಟ್ಟಿಗೆಯ ದಾರಿ, ಗೋಡೆಯುದ್ದಕ್ಕೂ ಅರವತ್ತು ಸಸಿ, ವೀರಗಲ್ಲುಗಳನ್ನು ಕಿತ್ತು ಗೇಟಿನ ಪಕ್ಕದಲ್ಲಿ ಸಿಮೆಂಟ್ ಕಟ್ಟೆಯ ಮೇಲೆ ನಿಲ್ಲಿಸುವುದು. ನೋಡಲು ಸೊಗಸಾಗಿತ್ತು, ಒಪ್ಪಿದೆವು. ಇವತ್ತು ಬೆಳಿಗ್ಗೆ ಮೂಡಣ ಗೋಡೆಯ ಬಳಿ ಗುಂಡಿ ತೋಡಲು ಶುರು ಮಾಡಿದೆವು. ಎರಡನೆಯ ಗುಂಡಿಯಲ್ಲಿ, ಮೊಣಕಾಲಿನಷ್ಟು ಆಳಕ್ಕೆ ಹೋದಾಗ, ಹಾರೆ ತಾಗಿದ ಸದ್ದೇ ಬೇರೆಯಾಯಿತು. ಕೈಯಿಂದ ಮಣ್ಣು ಬಳಿದರೆ ಅಂಗೈಯಗಲದ ಮಡಕೆ ಚೂರು. ಒಳಗೆ ಕಪ್ಪು, ಹೊರಗೆ ಕೆಂಪು, ಬೆರಳಾಡಿಸಿದರೆ ನುಣುಪು. ಪಕ್ಕದಲ್ಲಿ ಇನ್ನೂ ಮೂರು ಚೂರುಗಳ ಅಂಚು ಕಾಣುತ್ತಿದೆ. ಕೆಲಸ ನಿಲ್ಲಿಸಿ ಗುಂಡಿಗೆ ಗೋಣಿಚೀಲ ಮುಚ್ಚಿ ಬಂದಿದ್ದೇವೆ.

ಮಳೆಗಾಲ ಕಳೆದರೆ ಸಸಿ ಉಳಿಯುವುದಿಲ್ಲ. ಮುಂದುವರಿದರೆ ಏನನ್ನು ಒಡೆಯುತ್ತೇವೋ ಎಂಬ ಭಯ. ತಿಳಿದವರು ದಾರಿ ತೋರಿಸಿ.

ನಿವೃತ್ತ ಕನ್ನಡ ಶಿಕ್ಷಕ

ನಿಲ್ಲಿಸಿದೆಯಲ್ಲ, ದೊಡ್ಡ ಕೆಲಸ ಮಾಡಿದೆ ಕಣಪ್ಪ. ಆ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಹೇಳಿದವನು ನಾನು. ನಿಮ್ಮ ತರಗತಿಯವರಿಗೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿದ್ದದ್ದು ಎರಡಲ್ಲ, ಮೂರು ವೀರಗಲ್ಲು. ಕಾಂಪೌಂಡ್ ಕಟ್ಟುವಾಗ ಗುತ್ತಿಗೆದಾರರು ಜೆಸಿಬಿ ತಂದರು. ಶನಿವಾರ ಬೆಳಗಿನ ತರಗತಿ ಮುಗಿಸಿ ನಾನು ಮನೆಗೆ ಹೋದೆ. ಸೋಮವಾರ ಬಂದು ನೋಡುವಷ್ಟರಲ್ಲಿ ಮೂರನೆಯ ಕಲ್ಲು ನಾಲ್ಕು ಹೋಳಾಗಿ ಗೋಡೆಯ ಪಾಯಕ್ಕೆ ಸೇರಿತ್ತು. ಆಗ್ನೇಯ ಮೂಲೆಯಲ್ಲಿ ಗೋಡೆಯ ಬುಡದ ಹತ್ತಿರ ಕುಳಿತು ನೋಡು. ಗಾರೆಯ ನಡುವೆ ಅಪ್ಸರೆಯ ಒಂದು ತೋಳು, ಆ ಕೈ ಹಿಡಿದ ಚಾಮರ ಕಾಣುತ್ತದೆ. ಆ ಗೋಡೆಯ ಕಡೆ ಹೆಜ್ಜೆ ಹಾಕಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.

ಉಳಿದ ಎರಡರಲ್ಲಿ ಎಡಗಡೆಯದು ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ಕಲ್ಲು. ಬಿಲ್ಲೆಳೆದು ನಿಂತ ವೀರ, ಅವನ ತೊಡೆಯಲ್ಲೂ ಎದೆಯಲ್ಲೂ ನೆಟ್ಟ ಬಾಣ, ಕಾಲ ಹಿಂದೆ ಎರಡು ಹಸು, ಒಂದು ಕರು. ಕರುವಿನ ಮಡಿಸಿದ ಕಿವಿಯನ್ನೂ ಕಲ್ಲುಕುಟಿಗ ಬಿಟ್ಟಿಲ್ಲ. ಆ ಕಲ್ಲಿನ ಬೆನ್ನಿಗೆ ಮಕ್ಕಳು ಇದ್ದಿಲಿನಲ್ಲಿ ಮೂರು ಗೂಟ ಬರೆದು ಕ್ರಿಕೆಟ್ ಆಡುತ್ತಿದ್ದರು. ಒಂದು ದಿನ ಬೈಯದೆ ಎಲ್ಲರನ್ನೂ ಕಲ್ಲಿನ ಮುಂದಕ್ಕೆ ಕರೆದು, ಈತ ಯಾರ ದನ ಬಿಡಿಸಲು ಹೋಗಿ ಸತ್ತ, ಹೇಳಿ ನೋಡೋಣ ಎಂದೆ. "ನಮ್ಮೂರಿನ ದನ" ಎಂದರು. ಮಾರನೆಯ ದಿನ ಗೂಟಗಳು ಹುಣಸೆಮರದ ಬೊಡ್ಡೆಗೆ ಹೋಗಿದ್ದವು.

ಶಾಲಾ ಸಮಿತಿ ಸದಸ್ಯೆ

ಮೇಷ್ಟ್ರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನನ್ನ ಮಗಳು ಅದೇ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದಾಳೆ, ಅವಳ ಪರವಾಗಿಯೂ ಯಾರಾದರೂ ಮಾತನಾಡಬೇಕು. ಮಾರ್ಚ್ ಬಂದರೆ ಅಂಗಳದಲ್ಲಿ ಕಾಲಿಡಲು ಆಗುವುದಿಲ್ಲ. ಬಿಸಿಯೂಟದ ತಟ್ಟೆ ಹಿಡಿದು ಮಕ್ಕಳೆಲ್ಲ ಒಂದೇ ಹುಣಸೆಮರದ ಕೆಳಗೆ ಒತ್ತಿಕೊಂಡು ಕೂರುತ್ತಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇದೆ, ನೀರಿಲ್ಲ. ಅಡುಗೆಯವರು ಸೊಪ್ಪನ್ನು ದುಡ್ಡು ಕೊಟ್ಟು ತರುತ್ತಾರೆ. ಕಲ್ಲಿಗಾಗಿ ಎಲ್ಲವನ್ನೂ ಕೈಬಿಡಿ ಎಂದರೆ ನಾನು ಒಪ್ಪುವುದಿಲ್ಲ. ಎರಡೂ ಉಳಿಯುವ ದಾರಿ ಇದ್ದರೆ ಹೇಳಿ, ನಮ್ಮ ಸಂಘದ ಹೆಂಗಸರೆಲ್ಲ ಬಂದು ದುಡಿಯುತ್ತೇವೆ.

ಭೂದೃಶ್ಯ ವಿನ್ಯಾಸಗಾರ್ತಿ, ಚಿಕ್ಕಬಳ್ಳಾಪುರ

ನಿಮ್ಮ ಮಾತಿನಿಂದಲೇ ಶುರು ಮಾಡುತ್ತೇನೆ ಅಕ್ಕ. ನೆರಳು, ಶೌಚಾಲಯ, ನೀರು, ಸೊಪ್ಪು ಯಾವುದನ್ನೂ ಬಿಡಬೇಕಾಗಿಲ್ಲ. ಯಾವುದು ಎಲ್ಲಿ, ಹೇಗೆ ಎಂಬುದನ್ನು ಮಾತ್ರ ಹೊಸದಾಗಿ ಯೋಚಿಸಬೇಕು.

ನಿಮ್ಮ ಅಂಗಳವನ್ನು ನಾನು ಎರಡು ನೆಲವಾಗಿ ನೋಡುತ್ತೇನೆ. ಪಡುವಣದಲ್ಲಿ ಕೊಠಡಿಗಳ ಪಾಯ, ಕೊಳವೆಬಾವಿ, ನೀರಿನ ಪೈಪು ಎಂದು ಈಗಾಗಲೇ ಅಗೆದು ಕದಡಿದ್ದಾರೆ. ಬೇರು ಬಿಡುವ ಮರ, ಪಾಯ ಬೇಡುವ ಶೌಚಾಲಯ, ಕಂಬ ನೆಡುವ ಆಟ ಎಲ್ಲವೂ ಅಲ್ಲಿಗೆ ಹೋಗಲಿ. ಅಲ್ಲಿಯೂ ಹಳೆಯ ಪೈಪಿನ ಕಾಲುವೆ, ಪಾಯದ ಅಂಚು ಹೀಗೆ ಒಮ್ಮೆ ಅಗೆದ ಜಾಗವನ್ನೇ ಹುಡುಕಿ ಗುಂಡಿ ತೋಡಿ. ಮೂಡಣದ ನೆಲ ಕದಡಿಲ್ಲ. ಅಲ್ಲಿ ಒಂದು ಗೇಣೂ ಕೆಳಗೆ ಹೋಗಬೇಡಿ. ಏನು ಬೇಕಿದ್ದರೂ ನೆಲದ ಮೇಲೆ ಏರಿಸಿ ಮಾಡಿ, ನಾಳೆ ಬೇಡವೆನಿಸಿದರೆ ಗುರುತಿಲ್ಲದೆ ಎತ್ತಿಬಿಡುವಂತಿರಲಿ.

ಮರಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೇರು ಆಳಕ್ಕೆ ಇಳಿದುಬಿಡುತ್ತದೆ, ಮೇಲಿನ ನೆಲಕ್ಕೆ ತೊಂದರೆಯಿಲ್ಲ ಎಂದುಕೊಳ್ಳುತ್ತೇವೆ. ನಿಜದಲ್ಲಿ ಹೆಚ್ಚಿನ ಮರಗಳ ಬಹುಪಾಲು ಬೇರು ಮೇಲಿನ ಎರಡು ಮೂರು ಅಡಿಯಲ್ಲೇ ಇರುತ್ತದೆ, ಕೊಂಬೆಗಳ ಹರವನ್ನೂ ದಾಟಿ ಪಕ್ಕಕ್ಕೆ ಹಬ್ಬುತ್ತದೆ. ನಿಮ್ಮ ಮಡಕೆ ಚೂರುಗಳು ಸಿಕ್ಕಿದ್ದು ಅದೇ ಆಳದಲ್ಲಿ. ಇವತ್ತು ಗುಂಡಿ ತಪ್ಪಿಸಿದರೂ ಹತ್ತು ವರ್ಷದ ಮೇಲೆ ಬೇರು ಅದೇ ಪದರವನ್ನು ಕದಡುತ್ತದೆ, ಗುಡಿಯ ಅಡಿಪಾಯದ ಸಂದಿನಲ್ಲಿ ತೂರಿ ಕಲ್ಲನ್ನು ಎತ್ತುತ್ತದೆ. ಹಾಗಾಗಿ ಮೂಡಣದಲ್ಲಿ ಹೊಸ ಮರ ಬೇಡ. ಇರುವ ಹುಣಸೆಮರವನ್ನು ಮುಟ್ಟಬೇಡಿ. ಅದರ ಬೇರು ಏನನ್ನು ಅಪ್ಪಿಕೊಂಡಿದೆಯೋ ಅದನ್ನು ಹಿಡಿದೂ ನಿಲ್ಲಿಸಿದೆ.

ಹುಲ್ಲುಹಾಸು ಖಂಡಿತ ಬೇಡ. ದಿನವೂ ನೀರು ಬೇಡುತ್ತದೆ, ಕೋಲಾರದಲ್ಲಿ ಆ ನೀರು ಎಲ್ಲಿಂದ ತರುತ್ತೀರಿ? ಜೊತೆಗೆ ಸದಾ ತೇವ ಉಂಡ ಮಣ್ಣಿನಿಂದ ಕಲ್ಲಿನ ಬುಡಕ್ಕೆ ನೀರು ಏರುತ್ತದೆ. ನೀರಿನ ಜೊತೆಗೆ ಬಂದ ಉಪ್ಪು ಕಲ್ಲಿನ ಮೈಯಲ್ಲಿ ಒಣಗಿ ಹರಳಾಗುತ್ತದೆ, ಪದರ ಏಳುತ್ತದೆ. ಸಿಮೆಂಟ್ ಕಟ್ಟೆಯ ಮೇಲೆ ಕಲ್ಲು ನಿಲ್ಲಿಸಿದರೆ ಆಗುವುದೂ ಇದೇ. ಬುಡದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಕಲ್ಲಿನ ಮೂಲಕವೇ ಹೊರಡುತ್ತದೆ.

ಈಗ ನಿಮಗೆ ಬೇಕಾದ ಸೊಪ್ಪಿನ ತೋಟ. ಮೂಡಣದ ನೆಲದ ಮೇಲೆ ಜಿಯೋ ಟೆಕ್ಸ್‌ಟೈಲ್ ಎಂಬ ನೀರಿಳಿಯುವ ಗಟ್ಟಿ ಬಟ್ಟೆ ಹಾಸಿ, ಅದರ ಮೇಲೆ ಎರಡು ಮೂರು ಬೆರಳು ದಪ್ಪ ಮರಳು, ಅದರ ಮೇಲೆ ಒಂದು ಅಡಿ ಮಣ್ಣು. ಸುತ್ತ ಗಾರೆ ಹಾಕದೆ ಜೋಡಿಸಿದ ಸೈಜುಗಲ್ಲು. ಮುಂದೆ ಯಾರಾದರೂ ಅಗೆದರೂ ಮರಳು ಕಂಡ ಕೂಡಲೇ ಇಲ್ಲಿಂದ ಕೆಳಗೆ ಹಳೆಯದು ಎಂದು ತಿಳಿಯುತ್ತದೆ. ಒಂದು ಅಡಿ ಮಣ್ಣು ಎಂದರೆ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಎಂಬುದನ್ನು ಮರೆಯಬೇಡಿ. ಅಡಿಪಾಯದ ಕಲ್ಲುಗಳ ಮೇಲೆ, ವೀರಗಲ್ಲಿನ ಬುಡದಲ್ಲಿ ಈ ಸೊಪ್ಪಿನ ಮಡಿ ಬೇಡ, ಎರಡು ಮೂರು ಮೀಟರ್ ಬಿಟ್ಟು ಇರಲಿ. ಟ್ರ್ಯಾಕ್ಟರ್ ಗೇಟಿನವರೆಗೆ ಮಾತ್ರ, ಅಲ್ಲಿಂದ ಬುಟ್ಟಿಯಲ್ಲಿ ಹೊರಬೇಕು. ರೋಲರ್ ಒಳಗೆ ಬರಲೇಬಾರದು.

ಸಸ್ಯಪಾಲಕ, ಶ್ರೀನಿವಾಸಪುರ ರಸ್ತೆ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಗಿಡಗಳ ಹೆಸರು ನಾನು ಹೇಳುತ್ತೇನೆ. ಏರಿಸಿದ ಮಡಿಗೆ ದಂಟು, ಮೆಂತ್ಯ, ಕೊತ್ತಂಬರಿ, ದೊಡ್ಡಪತ್ರೆ, ತುಳಸಿ, ಕನಕಾಂಬರ, ಚೆಂಡುಹೂ. ಪಡುವಣಕ್ಕೆ ಹೊಂಗೆ, ಬೇವು, ನೇರಳೆ, ನೆಲ್ಲಿ, ಬಿಲ್ವ. ನುಗ್ಗೆಯನ್ನು ಅಡುಗೆಮನೆ ಹಿಂದೆ ಹಾಕಿ.

ಸವಕಳಿ ತಡೆಯಲು ಲಾವಂಚ ನೆಡಿ ಎಂದು ಯಾರಾದರೂ ಹೇಳುತ್ತಾರೆ, ಹೊಲದ ಬದುವಿಗೆ ಅದು ಬಂಗಾರ. ಆದರೆ ಅದರ ಬೇರು ನೆಟ್ಟಗೆ ಆಳಿನೆತ್ತರಕ್ಕಿಂತ ಕೆಳಗೆ ಇಳಿಯುತ್ತದೆ, ಮೂಡಣಕ್ಕೆ ತರಬೇಡಿ. ಅಲ್ಲಿ ಗರಿಕೆ ಸಾಕು. ಗುಡಿಯ ಕಲ್ಲುಗಳ ಸಂದಿನಲ್ಲಿ ಹಕ್ಕಿ ಹಿಕ್ಕೆಯಿಂದ ಅರಳಿ, ಆಲ, ಅತ್ತಿ ಹುಟ್ಟುತ್ತವೆ. ನಾಲ್ಕೆಲೆ ಇರುವಾಗಲೇ ಕಿತ್ತುಬಿಡಿ. ಬಲಿತಿದ್ದರೆ ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ನೆಲಮಟ್ಟಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಚಿವುಟುತ್ತಿದ್ದರೆ ತಾನಾಗಿ ಸೋಲುತ್ತದೆ.

ಮಡಿಗೆ ಕೆರೆಗೋಡು ತನ್ನಿ. ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ.

ಭೂದೃಶ್ಯ ವಿನ್ಯಾಸಗಾರ್ತಿ, ಚಿಕ್ಕಬಳ್ಳಾಪುರ

ಕೆರೆಗೋಡು ಒಳ್ಳೆಯದೇ ಅಣ್ಣ, ಒಂದು ಎಚ್ಚರ ಬೇಕು. ಕೆರೆಯ ಹೂಳಿನಲ್ಲಿ ಬೇರೆ ಊರಿನ, ಬೇರೆ ಕಾಲದ ಮಡಕೆ ಚೂರುಗಳು ಕೊಚ್ಚಿಬಂದು ಸೇರಿರುತ್ತವೆ. ನಾಳೆ ಯಾರೋ ಸಂಶೋಧಕರು ಬಂದು ಅದನ್ನು ಈ ನೆಲದ್ದೆಂದು ತಿಳಿದರೆ ಇಡೀ ಕಥೆಯೇ ತಪ್ಪುತ್ತದೆ. ಜರಡಿ ಹಿಡಿದು ಚೂರು ತೆಗೆದು ಹಾಕಿ. ಪಾರ್ಥೇನಿಯಂ ಬೀಜವೂ ಅದರಲ್ಲೇ ಬರುತ್ತದೆ, ಮೊದಲ ಮಳೆಗೆ ಮೊಳೆತದ್ದನ್ನೆಲ್ಲ ಕಿತ್ತ ಮೇಲೆ ಬಿತ್ತನೆ ಮಾಡಿ.

ದೈಹಿಕ ಶಿಕ್ಷಕ

ಮೂಡಣದಲ್ಲಿ ನಮ್ಮ ಖೋ ಖೋ ಅಂಕಣ ಇದೆ. ಕಂಬಗಳು ನೆಲದಿಂದ 120 ಸೆಂಟಿಮೀಟರಿಗೂ ಹೆಚ್ಚು ಮೇಲಿರಬೇಕು, ಗಟ್ಟಿಯಾಗಿ ಹೂಳದೆ ನಿಲ್ಲುವುದಿಲ್ಲ. ಪೂರ್ಣ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು. ಪಡುವಣದಲ್ಲಿ ಅಷ್ಟು ಜಾಗ ಮರಗಳಿಗೆ ಹೋದರೆ ಆಟಕ್ಕೆ ಎಲ್ಲಿ? ನಮ್ಮ ಹೆಣ್ಣುಮಕ್ಕಳ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿದೆ. ಅದನ್ನು ಕಡೆಗಣಿಸಬಾರದು.

ಭೂದೃಶ್ಯ ವಿನ್ಯಾಸಗಾರ್ತಿ, ಚಿಕ್ಕಬಳ್ಳಾಪುರ

ಕಡೆಗಣಿಸುವುದಿಲ್ಲ ಸರ್, ನೀವು ಹೇಳಿದ ಮೇಲೆ ನನ್ನ ಲೆಕ್ಕವೇ ಬದಲಾಯಿತು. ಅಂಕಣ ಪಡುವಣಕ್ಕೆ ಬರಲಿ, ಮರಗಳ ಸಂಖ್ಯೆ ಇಳಿಯಲಿ. ಒಂದು ಎಕರೆ ಶಾಲೆಗೆ ಅರವತ್ತು ಮರ ಎಂದೂ ಬೇಕಿರಲಿಲ್ಲ. ಹದಿನೆಂಟು ಇಪ್ಪತ್ತು ಮರ ಅಂಕಣದ ಅಂಚಿನಲ್ಲೂ ಅಡುಗೆಮನೆಯ ಸುತ್ತಲೂ ಬೆಳೆದರೆ ಕೊಠಡಿಗಳ ಗೋಡೆಗೂ ನೆರಳು ಬೀಳುತ್ತದೆ.

ಮೂಡಣಕ್ಕೆ ನೆರಳು ಬೇಕಲ್ಲವೇ, ಅದಕ್ಕೆ ಚಪ್ಪರ. ಕಂಬಗಳನ್ನು ಹೂಳದೆ, ನಡುವೆ ಕುಳಿ ಕೊರೆದ ದಪ್ಪ ಗ್ರಾನೈಟ್ ಪಾದಗಳಲ್ಲಿ ನಿಲ್ಲಿಸಿ. ಮೇಲೆ ತಗಡು ಬೇಡ, ಗಾಳಿಗೆ ಏಳುತ್ತದೆ. ಬಿದಿರಿನ ಜಾಲ ಕಟ್ಟಿ ಚಪ್ಪರದವರೆ, ಹೀರೆ, ಸೋರೆ ಹಬ್ಬಿಸಿ. ಬಳ್ಳಿಯ ಬೇರು ಮಡಿಯಲ್ಲೇ ಇರುತ್ತದೆ, ಕಾಯಿ ಬಿಸಿಯೂಟಕ್ಕೆ ಆಗುತ್ತದೆ. ಕೂರಲು ಕಲ್ಲುಚಪ್ಪಡಿಯನ್ನು ಎರಡು ದಿಮ್ಮಿಗಳ ಮೇಲೆ ಇಟ್ಟರೆ ಸಾಕು.

ನೀರಿನ ಲೆಕ್ಕ: ಕೋಲಾರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ನಿಮ್ಮ ಚಾವಣಿ 200 ಚದರ ಮೀಟರ್ ಇದ್ದು, ಐದರಲ್ಲೊಂದು ಪಾಲು ವ್ಯರ್ಥವಾದರೂ 1,12,000 ಲೀಟರ್ ಸಿಗುತ್ತದೆ. ಸಂಪು ತೋಡದೆ ನೆಲದ ಮೇಲೆಯೇ ತೊಟ್ಟಿ ಇಡಿ. ಶೌಚಾಲಯದ ನೀರಿಗೆ ಅದನ್ನು ಮೊದಲು ಜೋಡಿಸಿ, ಗಿಡಕ್ಕೆ ಆಮೇಲೆ. ಅಂಗಳದ ಮಳೆನೀರು ಈಗ ಯಾವ ಕಡೆ ಹರಿಯುತ್ತದೆ ಎಂದು ಒಂದು ಜೋರು ಮಳೆಯಲ್ಲಿ ನಿಂತು ನೋಡಿ. ವೀರಗಲ್ಲಿನ ಬುಡದಲ್ಲಿ ನಿಲ್ಲುತ್ತಿದ್ದರೆ ಕಾಲುವೆ ತೋಡಬೇಡಿ, ಮೇಲ್ಗಡೆ ಒಂದು ಗೇಣು ಎತ್ತರದ ಮಣ್ಣಿನ ಬದು ಹಾಕಿ ನೀರನ್ನು ತಿರುಗಿಸಿ.

ಬೆಂಗಳೂರಿನಲ್ಲಿರುವ ಸಹಪಾಠಿ

ಇಷ್ಟೆಲ್ಲ ಕಷ್ಟಪಡುವ ಬದಲು ಕಲ್ಲುಗಳನ್ನು ಗೇಟಿನ ಬಳಿಗೆ ತಂದರೆ ಸುಲಭವಲ್ಲವೇ? ಬಯಲಲ್ಲಿ ಬಿಟ್ಟರೆ ಸವೆದುಹೋಗುತ್ತವೆ. ಗೇಟಿನಲ್ಲಿದ್ದರೆ ಬಂದವರೆಲ್ಲ ನೋಡುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ನಕ್ಷೆ ಬರೆಸಿದವನು ನಾನೇ.

ಶಾಸನಾಸಕ್ತ, ಕೋಲಾರ

ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ಕಲ್ಲು ಕೀಳಬೇಡಿ. ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಅದು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಗ್ರಂಥಮಾಲೆಯ ಹತ್ತನೆಯ ಸಂಪುಟ. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಊರುಗಳೂ ಅದರಲ್ಲೇ ಇವೆ. ಇಂಥ ಊರು, ಇಂಥ ಗುಡಿಯ ಮುಂದೆ, ಇಂಥ ಹೊಲದಲ್ಲಿ ಎಂದು ಒಂದೊಂದು ಕಲ್ಲನ್ನೂ ಅದು ನಿಂತ ಜಾಗದಿಂದಲೇ ಗುರುತಿಸಿದ್ದಾರೆ. ಅದನ್ನು ಹಿಡಿದು ಊರೂರು ತಿರುಗಿದ್ದೇನೆ. ಕಲ್ಲು ಜಾಗದಲ್ಲೇ ಇದ್ದರೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಯಾರೋ ಭಕ್ತಿಯಿಂದ ಸ್ಥಳಾಂತರಿಸಿದ್ದರೆ ಮೂರು ದಿನ ಹುಡುಕಿದರೂ ಇಲ್ಲ. ವೀರ ಎಲ್ಲಿ ಬಿದ್ದ, ದಾರಿ ಎತ್ತ ಇತ್ತು, ಗುಡಿಯ ಬಾಗಿಲು ಯಾವ ಕಡೆಗಿತ್ತು ಎಂಬುದೆಲ್ಲ ಕಲ್ಲು ನಿಂತ ಜಾಗದಲ್ಲಿದೆ. ಕಿತ್ತರೆ ಉಳಿಯುವುದು ಚಿತ್ರ ಮಾತ್ರ.

ಕಾನೂನಿನ ವಿಷಯ. ಆವಣಿಯ ರಾಮಲಿಂಗೇಶ್ವರ ಗುಡಿಗಳಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದನ್ನು ಕಾಯ್ದೆಯಲ್ಲೇ ಸೇರಿಸಿತು. ಅಂಥ ಕಡೆಯೂ ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕೆಲಸವನ್ನು ಕಾನೂನು "ನಿರ್ಮಾಣ" ಎಂಬ ಮಾತಿನಿಂದ ಹೊರಗಿಟ್ಟಿದೆ. ಕಾನೂನು ಮಕ್ಕಳ ಶೌಚಾಲಯಕ್ಕೆ ಅಡ್ಡ ಬರುತ್ತದೆ ಎಂಬ ಭಯ ಬೇಡ. ನಿಮ್ಮ ಊರಿನ ಗುಡಿ ಯಾವ ಪಟ್ಟಿಯಲ್ಲೂ ಇಲ್ಲ. ನಮ್ಮ ಜಿಲ್ಲೆಯ ನೂರಾರು ವೀರಗಲ್ಲುಗಳ ಪಾಡು ಇದೇ. ಕಾವಲುಗಾರನಿಲ್ಲ, ಬೇಲಿಯಿಲ್ಲ, ಊರಿನವರೇ ಗತಿ.

ಆದರೂ ಕರ್ನಾಟಕದ 1962ರ ನಿಧಿ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ. ಮಣ್ಣಿನಲ್ಲಿ ಹುದುಗಿದ್ದ, ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಚೂರಿಗೆ ಬೆಲೆ ಕಟ್ಟುವುದು ನಮ್ಮ ಕೆಲಸವಲ್ಲ, ಒಂದು ಪತ್ರ ಬರೆದುಬಿಡಿ. ಅದರ ಪ್ರತಿಯನ್ನು ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಕಳುಹಿಸಿ. ಕಪ್ಪು ಕೆಂಪು ಮಡಕೆ ನಮ್ಮ ಕಡೆ ಕಬ್ಬಿಣ ಯುಗದ ನೆಲೆಗಳಲ್ಲಿ ಹೇರಳ, ಕ್ರಿಸ್ತಶಕದ ಆರಂಭದ ಶತಮಾನಗಳವರೆಗೂ ಬಳಕೆಯಲ್ಲಿತ್ತು. ಒಂದು ಚೂರು ನೋಡಿ ಇಷ್ಟೇ ಹಳೆಯದು ಎಂದು ಹೇಳಲಾಗದು. ತೊಳೆಯಬೇಡಿ. ಕಾಗದದ ಲಕೋಟೆಯಲ್ಲಿಟ್ಟು ದಿನಾಂಕ, ಗೋಡೆಯಿಂದ ದೂರ, ಆಳ ಬರೆಯಿರಿ. ಉಳಿದ ಮೂರು ಚೂರುಗಳನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಮೇಲೆ ಮರಳು ಹಾಕಿ ಅದೇ ಮಣ್ಣಿನಿಂದ ಮುಚ್ಚಿ.

ಇನ್ನೊಂದು ಮಾತು. ಸ್ವಚ್ಛತೆ ಎಂದು ಕಲ್ಲಿಗೆ ತಂತಿಬ್ರಷ್, ಆಸಿಡ್, ಎಣ್ಣೆಬಣ್ಣ ಯಾವುದನ್ನೂ ತಾಗಿಸಬೇಡಿ. ನೀರು, ಮೆತ್ತನೆಯ ಕುಂಚ, ಅಷ್ಟೇ.

ಬೆಂಗಳೂರಿನಲ್ಲಿರುವ ಸಹಪಾಠಿ

ಒಪ್ಪಿದೆ ಸರ್. ಮೇಷ್ಟ್ರು ಬರೆದ ಮೂರನೆಯ ಕಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ. ಮೂಡಣದ ಇಂಟರ್‌ಲಾಕ್ ದಾರಿಯನ್ನೂ ನಕ್ಷೆಯಿಂದ ತೆಗೆಸುತ್ತೇನೆ. ಅದಕ್ಕೆ ಇಟ್ಟಿದ್ದ ಹಣ ನೀರಿನ ತೊಟ್ಟಿಗೂ ಶೌಚಾಲಯದ ಪೈಪಿಗೂ ಹೋಗಲಿ.

ಹಳೆಯ ವಿದ್ಯಾರ್ಥಿ, ಶನಿವಾರ

ಈ ವಾರ ಆದದ್ದನ್ನು ಹೇಳುತ್ತೇನೆ. ಮುಖ್ಯೋಪಾಧ್ಯಾಯರು ಜಿಲ್ಲಾಧಿಕಾರಿಗೂ ಮೈಸೂರಿಗೂ ಪತ್ರ ಬರೆದಿದ್ದಾರೆ. ಗುಂಡಿಗಳನ್ನು ಹೇಳಿದ ಹಾಗೆಯೇ ಮುಚ್ಚಿದೆವು. ಬುಧವಾರ ಸಂಜೆ ಜೋರು ಮಳೆ ಬಂತು, ಕೊಡೆ ಹಿಡಿದು ನೋಡುತ್ತ ನಿಂತೆ. ಕೊಠಡಿಗಳ ಚಾವಣಿಯ ನೀರೆಲ್ಲ ಸೀದಾ ಬಂದು ತುರುಗಾಳಗದ ಕಲ್ಲಿನ ಮುಂದೆ ಮಡುಗಟ್ಟಿತು, ಕರುವಿನ ಕಾಲು ಮುಳುಗಿತು. ಇಷ್ಟು ವರ್ಷ ಓಡಾಡಿದ ಅಂಗಳ, ನಾನು ಒಮ್ಮೆಯೂ ನೋಡಿರಲಿಲ್ಲ. ಮಾರನೆಯ ದಿನವೇ ಬದು ಹಾಕಿದೆವು.

ನಿನ್ನೆ ಮಕ್ಕಳು ರಂಗೋಲಿ ಪುಡಿ ಹಿಡಿದು ಎರಡು ನೆಲಗಳ ನಡುವೆ ಗೆರೆ ಎಳೆದರು. ಗೆರೆಯ ಈಚೆ ಹತ್ತೊಂಬತ್ತು ಸಸಿಗೆ ಜಾಗ ಗುರುತಾಗಿದೆ, ಖೋ ಖೋ ಅಂಕಣವೂ ಕೂತಿದೆ. ಆಚೆ ಆರು ಮಡಿ, ಒಂದು ಚಪ್ಪರ. ಕಲ್ಯಾಣಿಯ ತಗ್ಗನ್ನು ಅಗೆದು ನೋಡೋಣ ಎಂದು ಊರಿನ ಕೆಲವರು ಒತ್ತಾಯಿಸುತ್ತಿದ್ದಾರೆ.

ಭೂದೃಶ್ಯ ವಿನ್ಯಾಸಗಾರ್ತಿ, ಚಿಕ್ಕಬಳ್ಳಾಪುರ

ಕಲ್ಯಾಣಿಯನ್ನು ನಾವು ಯಾರೂ ಅಗೆಯಬಾರದು, ಅದು ಇಲಾಖೆಯ ತಜ್ಞರ ಕೆಲಸ. ತಗ್ಗಿನ ಅಂಚಿಗೆ ನೆಲದ ಮೇಲೆಯೇ ಸಾಲಾಗಿ ಕಲ್ಲಿಟ್ಟು ಗುರುತು ಮಾಡಿ, ಒಳಗೆ ಗರಿಕೆ ಬಿಡಿ. ಮಕ್ಕಳು ಆ ಕಲ್ಲುಗಳ ಮೇಲೆ ಕೂತು ಊಟ ಮಾಡಲಿ. ಮುಂದಿನ ವಾರ ನಾನೇ ಬಂದು ಮಡಿಗಳ ಅಂತರ ನೋಡುತ್ತೇನೆ, ಬರುವವರೆಗೆ ಅಡಿಪಾಯದ ಪಕ್ಕದ ಮಡಿಗೆ ಮಣ್ಣು ಹಾಕಬೇಡಿ.

ಶಾಲಾ ಸಮಿತಿ ಸದಸ್ಯೆ

ಗುರುವಾರ ಬನ್ನಿ ಮೇಡಂ, ಅವತ್ತು ನಮ್ಮ ಸಂಘದ ಹನ್ನೆರಡು ಜನ ಬುಟ್ಟಿ ಸಮೇತ ಇರುತ್ತೇವೆ. ಕೆರೆಗೋಡು ಎರಡು ಲೋಡ್ ಗೇಟಿನ ಹೊರಗೆ ಬಂದು ಬಿದ್ದಿದೆ. ಜರಡಿ ಹಿಡಿಯುವಾಗ ಸಿಕ್ಕ ಚೂರುಗಳನ್ನು ಎಲ್ಲಿ ಇಡಬೇಕು ಎಂದು ಮಾತ್ರ ಮೊದಲೇ ತಿಳಿಸಿ, ಶಾಲೆಯ ಲಕೋಟೆಯ ಜೊತೆ ಬೆರೆಯಬಾರದಲ್ಲ.